ಬಿಳಿ ಮಣಿ ಕಂಡಾಗ ಹೂಂ ಅನ್ನು

ಮೊನ್ನೆ ದಾವಣಗೆರೆಯ ಕೆ.ಬಿ. ಬಡಾವಣೆಯ ಅಂಗಡಿಯೊಂದರಲ್ಲಿ ಉಲ್ಲನ್ ಹೆಣೆಯುವ ಕಡ್ಡಿ ಕಂಡಿತು. ತುದಿಯಲ್ಲಿ ಬಿಳಿ ಮಣಿ. ಕೊಳ್ಳಲು ಹೋದದ್ದು ಗುಂಡಿ, ದಾರ. ನೆನಪಾದದ್ದು ನಮ್ಮ ಕಣ್ಣಿನ ಡಾಕ್ಟರಮ್ಮ...

ತೊಂಬತ್ತರ ದಶಕದ ಕೊನೆ. ಆಗ ನಾವು ಹರಿಹರದಲ್ಲಿದ್ದೆವು. ನನ್ನ ತಂಗಿಗೆ ಚಿಕ್ಕಂದಿನಿಂದ ಫಿಟ್ಸ್. ಯಾವ ಔಷಧಕ್ಕೂ ಬಗ್ಗದ್ದು ಹೊಸ ಮಾತ್ರೆಯೊಂದಕ್ಕೆ ನಿಂತುಬಿಟ್ಟಿತ್ತು. ಅವ್ವನಿಗೆ ಹೋದ ಜೀವ ಬಂದಂತಾಗಿತ್ತು. ಆದರೆ ಬರಬರುತ್ತಾ ಹುಡುಗಿ ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಳ್ಳತೊಡಗಿದಳು. ನಂದಿಗುಡಿಯ ನೆಂಟರ ಮನೆಯ ಊಟದಲ್ಲಿ ಹೋಳಿಗೆಗೆ ತುಪ್ಪ ಬಡಿಸುತ್ತಾ, ಪಕ್ಕದಲ್ಲೇ ಕೂತಿದ್ದ ಸೋದರಮಾವನನ್ನು ದಾಟಿ ಹೋದಳು. ಪಂಕ್ತಿಯಲ್ಲಿ ಒಬ್ಬರನ್ನು ಬಿಟ್ಟು ಬಡಿಸುವುದೆಂದರೆ ನಮ್ಮಲ್ಲಿ ಸಣ್ಣ ಮಾತೇ! ಮಾವ ಎಲೆ ಬಿಟ್ಟು ಎದ್ದೇಬಿಟ್ಟ.

"ಅಕ್ಕಾ, ನಿನ್ ಮಗಳಿಗೆ ಭಾಳ ಸೊಕ್ಕು ಬಂದೈತೆ."

"ಮಾವ ಕಾಣ್ಲೇ ಇಲ್ಲವ್ವ" ಎಂದು ತಂಗಿ ಅತ್ತಳು. ಆರಡಿ ಆಳು ಕಾಣಲಿಲ್ಲವೆಂದರೆ ಯಾರು ನಂಬುತ್ತಾರೆ? ಅವ್ವ ನಂಬಿದಳು.

ಮರುದಿನ ಮೂವರೂ ದಾವಣಗೆರೆಯ ಬಸ್ಸು ಹತ್ತಿದೆವು. ಡಾಕ್ಟರಮ್ಮನ ಕ್ಲಿನಿಕ್ಕು ಎಂ.ಸಿ.ಸಿ. ಬಡಾವಣೆಯಲ್ಲಿತ್ತು. ಗೋಡೆಯ ಮೇಲಿನ ಅಕ್ಷರಗಳನ್ನು ತಂಗಿ ಕೊನೇ ಸಾಲಿನವರೆಗೆ ಪಟಪಟನೆ ಓದಿದಳು. ಬೇರೆಯವರಾಗಿದ್ದರೆ ಕಣ್ಣು ಚೆನ್ನಾಗಿವೆ ಎಂದು ಕಳಿಸಿಬಿಡುತ್ತಿದ್ದರು. ಡಾಕ್ಟರಮ್ಮ ಬಿಡುವ ಪೈಕಿಯಲ್ಲ. ತಂಗಿಯ ಒಂದು ಕಣ್ಣು ಮುಚ್ಚಿಸಿ, ಅಂಥದ್ದೇ ಬಿಳಿ ಮಣಿಯ ಕಡ್ಡಿ ಹಿಡಿದು ಎದುರಿಗೆ ಕೂತರು.

"ನನ್ ಮೂಗನ್ನಷ್ಟೇ ನೋಡವ್ವ. ಮಣಿ ಕಂಡ ಕೂಡ್ಲೇ ಹೂಂ ಅನ್ನು."

ಮಣಿ ಕಿವಿಯ ಪಕ್ಕದಿಂದ ನಿಧಾನವಾಗಿ ಮುಂದೆ ಬಂತು... ಬಂತು... ಹೆಚ್ಚುಕಡಿಮೆ ಎದುರಿಗೇ ಬಂದ ಮೇಲೆ ತಂಗಿ ಹೂಂ ಎಂದಳು. ಆಮೇಲೆ ಅವ್ವನನ್ನು ಕೂರಿಸಿ ಹಾಗೇ ಮಾಡಿದರು. ಮಣಿ ಕಿವಿ ದಾಟುತ್ತಿದ್ದಂತೆ ಅವ್ವ ಹೂಂ ಎಂದಳು. ಎಂದವಳೇ ಸೆರಗು ಬಾಯಿಗೆ ಹಿಡಿದು ಅತ್ತಳು.

ಕಣ್ಣಿಗೆ ಹನಿ ಹಾಕಿ ಒಳಗೂ ನೋಡಿದರು. ಯಾವ ಮಾತ್ರೆ ಎಂದು ಕೇಳಿ, ಅವ್ವ ಹೆಸರು ಹೇಳಿದ್ದೇ ಅವಳ ಕಡೆ ತಿರುಗಿದರು.

"ಇದು ಕಣ್ಣಿನ ಒಳಪರದೆಗೆ ಪೆಟ್ಟು ಕೊಡ್ತೈತೆ, ಪಕ್ಕದ ನೋಟ ಹೋಗ್ತೈತೆ ಅಂತ ಈಚೆಗೆ ಓದೀನ್ರಿ."

"ಇವತ್ತೇ ಬಿಸಾಕ್ತೀನ್ರಿ" ಎಂದಳು ಅವ್ವ.

"ಏಕ್ದಂ ಬಿಡಬ್ಯಾಡ್ರಿ! ಫಿಟ್ಸ್ ಜೋರಾಗಿ ಬಂದ್ರೆ ಜೀವಕ್ಕೇ ಅಪಾಯ."

ಅಲ್ಲಿಂದಲೇ ಫಿಟ್ಸಿನ ಡಾಕ್ಟರಿಗೆ ಫೋನು ಹಚ್ಚಿದರು. ಅವರಿಗೆ ನಂಬಿಕೆ ಬರಲಿಲ್ಲವೆಂದು ಕಾಣುತ್ತದೆ. "ಹಂಗಾದ್ರೆ ನೀವೇ ಬಂದು ಮಣಿ ಹಿಡೀರಿ ಸರ್" ಎಂದುಬಿಟ್ಟರು ನಮ್ಮ ಡಾಕ್ಟರಮ್ಮ! ಅವರು ಬಂದರು, ನೋಡಿದರು, ಒಪ್ಪಿದರು. ಆ ಮಾತ್ರೆ ಸ್ವಲ್ಪಸ್ವಲ್ಪವೇ ಕಡಿಮೆಯಾಗಿ ಬೇರೆಯದು ಬಂತು.

"ಹೋದದ್ದು ಬರಲ್ಲವ್ವ, ಇದ್ದದ್ದು ಉಳಿಸ್ಕೊಳ್ಳೋಣ" ಎಂದು ತಂಗಿಗೆ ನೇರವಾಗಿಯೇ ಹೇಳಿದ್ದರು. ಸುಳ್ಳು ಧೈರ್ಯ ತುಂಬಲಿಲ್ಲ; ಅದಕ್ಕೇ ಅವರೆಂದರೆ ನನಗೆ ಇಂದಿಗೂ ಕೈಮುಗಿಯುವಷ್ಟು ಗೌರವ. ಇದ್ದದ್ದು ಉಳಿಯಿತು. ತಂಗಿ ಪುಸ್ತಕ ಓದುತ್ತಾಳೆ, ಮಗಳಿಗೆ ಜಡೆ ಹಾಕುತ್ತಾಳೆ. ರಸ್ತೆ ದಾಟಲು ಮಾತ್ರ ಯಾರಾದರೂ ಕೈ ಹಿಡಿಯಬೇಕು.

ಹೋದ ವರ್ಷ ಡಾಕ್ಟರಮ್ಮ ತೀರಿಕೊಂಡರು. ನಮ್ಮ ಪದ್ಧತಿಯಂತೆ ವಿಭೂತಿ ಹಚ್ಚಿ, ಹೂವು ಹಾಕಿ ಕೂರಿಸಿದ್ದರು. ತಂಗಿ ನೇರವಾಗಿ ಎದುರಿಗೆ ಹೋಗಿ ಕೂತಳು. ಜನ ಬರುತ್ತಲೇ ಇದ್ದರು. ಯಾರೋ ಹಿರಿಯರು ಮೆಲ್ಲಗೆ, "ಪಕ್ಕಕ್ಕೆ ಸರಿಯವ್ವ" ಎಂದರು.

"ಪಕ್ಕದಿಂದ ನಂಗೆ ಕಾಣಲ್ರಿ" ಎಂದಳು ತಂಗಿ. "ಇನ್ನೊಂದ್ ಗಳಿಗೆ ಮುಖ ನೋಡ್ತೀನಿ."