ಪೈನಿ ರಿಡ್ಜ್‌ನ ಎರಡನೇ ಡಿವಿಷನ್ ಫಲಕ

ಕಬ್ಬಿಣದ ಫಲಕ ನೆಟ್ಟಗೆ ನಿಲ್ಲಿಸುವುದರಲ್ಲಿ ಲೆಮ್ಯುಯಲ್ ಗೇದರ್‌ನನ್ನು ಮೀರಿಸುವವರು ಪೈನಿ ರಿಡ್ಜ್‌ನಲ್ಲಿ ಯಾರೂ ಇರಲಿಲ್ಲ. ಗುಲಾಮಗಿರಿಯ ಸಲುವಾಗಿ ದೇಶವೇ ಎರಡಾಗಿ ಕಾದಾಡಿದ ಯುದ್ಧ ಮುಗಿದು ಮೂವತ್ತು ವರ್ಷ ದಾಟಿದ ಮೇಲೆ ಸರಕಾರ ಆ ಗುಡ್ಡವನ್ನು ಸ್ಮಾರಕ ಮಾಡಲು ಹೊರಟಿತ್ತು. ಎರಡೂ ಕಡೆಯ ಯಾವ ಡಿವಿಷನ್ ಎಲ್ಲಿ ನಿಂತಿತ್ತು, ಎಲ್ಲಿ ನುಗ್ಗಿತ್ತು ಎಂದು ಬರೆದ ಫಲಕಗಳು ಒಂದೊಂದಾಗಿ ರೈಲಿನಲ್ಲಿ ಬಂದಿಳಿಯುತ್ತಿದ್ದವು. ಗುಂಡಿ ತೋಡಿ, ಕಂಬ ಇಳಿಸಿ, ಕಲ್ಲು ತುಂಬುವ ತಂಡದಲ್ಲಿ ಲೆಮ್ಯುಯಲ್ ಹಿರಿಯ. ತನ್ನನ್ನು ಗುಲಾಮನಾಗಿಯೇ ಇಟ್ಟುಕೊಳ್ಳಲು ಹೋರಾಡಿದವರ ಫಲಕವನ್ನೂ ಅಷ್ಟೇ ಮುತುವರ್ಜಿಯಿಂದ ನಿಲ್ಲಿಸುತ್ತಿದ್ದ. ಕೊನೆಗೊಮ್ಮೆ ಅದರ ಬೆನ್ನು ತಟ್ಟಿ, “ಜನರಲ್ ಸಾಹೇಬ್ರೇ, ಅವತ್ತಂತೂ ನಮ್ಮೆದುರು ನಿಲ್ಲಲಿಲ್ಲ. ಈಗಾದ್ರೂ ನಿಂತ್ಕೊಳ್ಳಿ” ಎನ್ನುವನು. ಜೊತೆಯವರು ಬಿದ್ದು ಬಿದ್ದು ನಗುತ್ತಿದ್ದರು.

ಅವನು ಕಾಯುತ್ತಿದ್ದದ್ದು ತಮ್ಮದೇ ಎರಡನೇ ಡಿವಿಷನ್‌ನ ಫಲಕಕ್ಕೆ. ಅದರ ಮೂರನೇ ಬ್ರಿಗೇಡಿನಲ್ಲಿದ್ದವರೆಲ್ಲ ಕಪ್ಪು ಜನ. ಯಜಮಾನರ ಹೊಲ ಬಿಟ್ಟು ಓಡಿಬಂದು ಸರಕಾರಿ ಸೇನೆಯ ನೀಲಿ ಅಂಗಿ ತೊಟ್ಟವರು. ಲೆಮ್ಯುಯಲ್ ಅಲ್ಲಿ ಸಾರ್ಜೆಂಟ್. ಅವನ ಅಣ್ಣ ಕಾಟೊ ಬಾವುಟ ಹಿಡಿದವನು. ಸಂಜೆ ನಾಲ್ಕರ ಹೊತ್ತಿಗೆ ಹಾರ್ಮನ್ ಕಮರಿಗೆ ಬಾವುಟದೊಂದಿಗೆ ಇಳಿದ ಕಾಟೊ ಮತ್ತೆ ಹತ್ತಿ ಬರಲಿಲ್ಲ. ಅವನ ಜೊತೆ ಇನ್ನೂ ನೂರಹನ್ನೆರಡು ಮಂದಿ. ಆದರೆ ಕತ್ತಲಾಗುವ ಮೊದಲು ಕಮರಿ ಅವರ ಕೈಗೆ ಬಂದಿತ್ತು.

ಫಲಕಗಳ ಮೇಲಿನ ಮಾತು ಬರೆಯುತ್ತಿದ್ದವರು ಕ್ಯಾಪ್ಟನ್ ವಿಟ್‌ಲಾಕ್. ಅದೇ ಬ್ರಿಗೇಡಿನ ಬಿಳಿಯ ಅಧಿಕಾರಿ. ಯುದ್ಧಕಾಲದ ಒಂದು ಚಳಿಗಾಲ ಬಿಸ್ಕತ್ತಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಇದ್ದಿಲಿನಿಂದ ಅಕ್ಷರ ಬರೆದು ಲೆಮ್ಯುಯಲ್‌ಗೆ ಓದು ಕಲಿಸಿದ್ದವರು ಅವರೇ. ಹಿಂದಿನ ವಸಂತದಲ್ಲಿ ಅವರು ಲೆಮ್ಯುಯಲ್‌ನ ಮನೆಗೇ ಬಂದು, ಜಗಲಿಯಲ್ಲಿ ಕೂತು, ಕಾಟೊನ ಹೆಂಡತಿ, ಅತ್ತಿಗೆ ಡೆಲ್ಫಿ ಸುಟ್ಟುಕೊಟ್ಟ ಜೋಳದ ರೊಟ್ಟಿ ತಿಂದು, ಅವನ ಹೇಳಿಕೆ ಕೇಳಿದ್ದರು.

“ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿದ್ರಿ ಲೆಮ್?”

“ಜೋಳದ ಕಣಜದ ಹತ್ರ ಮಲ್ಕೊಂಡಿದ್ವಿ ಸಾರ್. ಕಾಯಿರಿ ಅಂತ ಹುಕುಂ ಆಗಿತ್ತಲ್ಲ.”

ಅಲ್ಲಿಂದ ಅವನು ಕಮರಿಯ ಕಥೆಯನ್ನೆಲ್ಲ ಹೇಳಿದ. ಕ್ಯಾಪ್ಟನ್ ತಲೆದೂಗುತ್ತ ಬರೆದರು. ಕಾಟೊ ಬಿದ್ದ ಜಾಗಕ್ಕೆ ಮಾತು ಬಂದಾಗ ಕಣ್ಣೊರೆಸಿಕೊಂಡರು. ಕೊನೆಗೆ ಹಾಳೆ ಮುಂದಿಟ್ಟರು. ಅಕ್ಷರ ಕಲಿಸಿದವರ ಬರಹವನ್ನು ಅವರೆದುರೇ ಓದಿ ಪರೀಕ್ಷಿಸುವುದು ಲೆಮ್ಯುಯಲ್‌ಗೆ ಮರ್ಯಾದೆ ಎನಿಸಲಿಲ್ಲ. ರುಜು ಹಾಕಿದ.

ಜೂನ್ ತಿಂಗಳಲ್ಲಿ ಫಲಕ ಬಂತು. ಸುತ್ತಿದ್ದ ಹುಲ್ಲು ಸರಿಸಿ ಮೊದಲು ಓದಿದವನು ಅವನೇ. ಮೊದಲನೇ ಬ್ರಿಗೇಡ್ ಹೀಗೆ ಹೋರಾಡಿತು, ಎರಡನೆಯದು ಹಾಗೆ ನುಗ್ಗಿ ಕಮರಿಯನ್ನು ವಶಪಡಿಸಿಕೊಂಡಿತು. ಕೊನೆಯಲ್ಲಿ ಒಂದು ಸಾಲು: ಮೂರನೇ ಬ್ರಿಗೇಡ್, ಬಣ್ಣದವರದು, ಜೋಳದ ಕಣಜದ ಬಳಿ ಮೀಸಲಾಗಿತ್ತು, ಕಾದಾಟದಲ್ಲಿ ಭಾಗವಹಿಸಲಿಲ್ಲ.

ಅವನು ಎರಡು ಸಲ ಓದಿದ. ಕಾಟೊ ಹಿಡಿದ ಬಾವುಟದ ಕೋಲು ಯಾವಾಗ ಮುರಿಯಿತು ಎಂಬುದೂ ಅವನಿಗೆ ನೆನಪಿತ್ತು.

ಮೇಸ್ತ್ರಿ ಬರ್ನ್ಸ್ ಬಂದು, “ಏನಯ್ಯಾ ನೋಡ್ತಾ ನಿಂತ್ಬಿಟ್ಟೆ? ಎತ್ತು” ಅಂದ.

“ಇದ್ರಲ್ಲಿ ತಪ್ಪಿದೆ ಸಾರ್.”

“ಓದೋಕಲ್ಲ ಕಣಯ್ಯಾ ನಿನ್ನ ಇಟ್ಕೊಂಡಿರೋದು, ನಿಲ್ಸೋಕೆ.”

ಬರ್ನ್ಸ್ ಬಾಯಿ ಒರಟಾದರೂ ಮನುಷ್ಯ ಕೆಟ್ಟವನಲ್ಲ. ಮೇಲಿನಿಂದ ಉತ್ತರ ಬರುವವರೆಗೂ ಫಲಕ ಕೊಟ್ಟಿಗೆಯಲ್ಲೇ ಇರಲಿ ಎಂದು ಒಪ್ಪಿದ. ಎರಕ ಹೊಯ್ದವರು ಮಾಡಿದ ಎಡವಟ್ಟು ಇದು, ಕ್ಯಾಪ್ಟನ್‌ರಿಗೆ ತಿಳಿದರೆ ಕೋಪದಿಂದ ಕುಣಿದಾಡಿಯಾರು ಎಂದುಕೊಂಡು ಲೆಮ್ಯುಯಲ್ ಮೇಲಿನ ಕಚೇರಿಗೆ ಪತ್ರ ಬರೆದ. ಆರು ವಾರದ ನಂತರ ಉತ್ತರ ಬಂತು: ಫಲಕದ ಮಾತಿಗೆ ಅದೇ ಬ್ರಿಗೇಡಿನ ಸಾರ್ಜೆಂಟ್ ಲೆಮ್ಯುಯಲ್ ಗೇದರ್ ಕೊಟ್ಟ ಹೇಳಿಕೆಯೇ ಆಧಾರ. ಜೊತೆಗೆ ನಕಲು. ಮಧ್ಯಾಹ್ನ ನಾವು ಕಣಜದ ಬಳಿ ಮಲಗಿದ್ದೆವು, ಕಾಯುವಂತೆ ಆಜ್ಞೆಯಿತ್ತು. ಅಷ್ಟೆ. ಅದರ ಕೆಳಗೆ ಅವನದೇ ರುಜು.

ಅವನು ಅಂಗಿ ಬದಲಿಸದೆ, ಕೈಯ ಮಣ್ಣು ತೊಳೆಯದೆ, ಹಾಗೆಯೇ ಕ್ಯಾಪ್ಟನ್‌ರ ಕೋಣೆಗೆ ಹೋದ. ಅವರು ಎದ್ದು ಬಂದು ಕೈಹಿಡಿದು ಕೂರಿಸಿದರು. ಅವನು ನಕಲನ್ನು ಮೇಜಿನ ಮೇಲಿಟ್ಟ.

ಅವರು ಅದನ್ನು ತಮ್ಮತ್ತ ತಿರುಗಿಸಿಕೊಂಡರು. “ಇದ್ರಲ್ಲಿ ಒಂದಾದ್ರೂ ಸುಳ್ಳಿದೆಯೇನಪ್ಪ ಲೆಮ್?”

“ಮಧ್ಯಾಹ್ನ ಅಲ್ಲಿದ್ವಿ, ನಿಜ. ಇಡೀ ದಿನಾನೂ ಮಧ್ಯಾಹ್ನವೇ ಇತ್ತಾ ಸಾರ್?”

“ಆ ಕಡೆಯ ಮಹನೀಯರು ಪಟ್ಟು ಹಿಡಿದ್ಬಿಟ್ರು. ಕಪ್ಪು ಜನರ ಕೈಲಿ ಕಮರಿ ಕಳ್ಕೊಂಡ್ವಿ ಅಂತ ಕಬ್ಬಿಣದಲ್ಲಿ ಬರೆಸಿದ್ರೆ ನಾವು ಸಮಾರಂಭಕ್ಕೇ ಬರಲ್ಲ ಅಂದ್ರು. ಅವ್ರಿಲ್ದೆ ಈ ಸ್ಮಾರಕವೇ ಆಗ್ತಿರ್ಲಿಲ್ಲ. ಮುರಿದ ದೇಶ ಕೂಡ್ಕೊಳ್ತಾ ಇದೆ ಲೆಮ್. ನೀನು ಅರ್ಥ ಮಾಡ್ಕೊಳ್ತೀಯ ಅಂದ್ಕೊಂಡೆ.”

“ನೀವೂ ನಮ್ಜೊತೆ ಕಮರೀಲಿದ್ರಿ. ಮರದ ದಿಮ್ಮಿ ಹಿಂದಕ್ಕೆ ನಿಮ್ಮನ್ನ ಎಳೆದು ಹಾಕಿದ್ದು ನಮ್ಮಣ್ಣ.”

“ಗೊತ್ತು.”

“ಗೊತ್ತಿದ್ದೂ ಬರೆದ್ರಾ?”

ಕ್ಯಾಪ್ಟನ್ ಕನ್ನಡಕ ತೆಗೆದು ಒರೆಸತೊಡಗಿದರು. ಸಮಾರಂಭದ ದಿನ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇನೆ, ಬಾವುಟ ನೀನೇ ಹಿಡಿ ಎಂದರು. ಲೆಮ್ಯುಯಲ್ ಎದ್ದು ನಿಂತ.

“ನಂಗೆ ಅಕ್ಷರ ಕಲಿಸಿದೋರು ನೀವು. ನಿಮ್ಮ ಅಕ್ಷರಾನೂ ಓದಿ ನೋಡ್ಬೇಕು ಕಣೋ ಅಂತ ಅವತ್ತೇ ಒಂದು ಮಾತು ಹೇಳ್ಬಾರ್ದಿತ್ತಾ ಸಾರ್?”

ಆ ದಿನವೇ ಅವನು ಕೆಲಸ ಬಿಟ್ಟ.

ಮನೆಯಲ್ಲಿ ಡೆಲ್ಫಿ ಸೊಪ್ಪು ಬಿಡಿಸುತ್ತಿದ್ದಳು. ಅವನು ಎಲ್ಲವನ್ನೂ ಹೇಳಿದ. ಅವಳು ಕ್ಯಾಪ್ಟನ್‌ರಿಗೆ ಶಾಪ ಹಾಕುತ್ತಾಳೆಂದು ಕಾದ. ಅವಳು ತಲೆಯೆತ್ತಿ ಅವನನ್ನೇ ನೋಡಿದಳು.

“ಓದ್ದೇ ರುಜು ಹಾಕಿದ್ಯಾ?”

“ಅವ್ರ ಮೇಲೆ ನಂಬಿಕೆ ಇತ್ತು ಅತ್ತಿಗೆ.”

“ಈ ಓಣೀಲೆಲ್ಲ ಓದೋಕೆ ಬರೋನು ನೀನೊಬ್ಬ. ನಾನು ಓದ್ದೇ ಹಾಕಿದ್ರೆ ಒಂದು ಅರ್ಥ ಇತ್ತು. ನಾನು ಬರೀ ರೊಟ್ಟಿ ಸುಟ್ಟೆ, ನೀನು ನಿಮ್ಮಣ್ಣನ ಹೆಣವನ್ನೇ ಅವ್ರ ಕೈಗೆ ಕೊಟ್ಬಿಟ್ಯಲ್ಲೋ ಲೆಮ್.”

ಮುಂದಿನ ಭಾನುವಾರದಿಂದ ಅವಳು ಚರ್ಚಿನಲ್ಲಿ ಅವನ ಬೆಂಚು ಬಿಟ್ಟು ಹಿಂದೆ ಹೋಗಿ ಕೂತಳು. ಊರವರು ಕಾರಣ ಕೇಳಿದರು. ಕೇಳಿದ ಮೇಲೆ ಕೆಲವರು ಅವನನ್ನು ಬೇರೆಯೇ ರೀತಿ ನೋಡತೊಡಗಿದರು. ಫಲಕವನ್ನು ಬೇರೆ ಯಾರೋ ನಿಲ್ಲಿಸಿದರು. ಸಮಾರಂಭಕ್ಕೆ ಎರಡೂ ಕಡೆಯ ಮುದುಕರು ಬಂದು ತಬ್ಬಿಕೊಂಡು ಅತ್ತರಂತೆ. ಲೆಮ್ಯುಯಲ್ ಅಂದು ಕಟ್ಟಿಗೆ ಕಾರ್ಖಾನೆಯಲ್ಲಿ ದಿಮ್ಮಿ ಉರುಳಿಸುತ್ತಿದ್ದ.

ಆ ಚಳಿಗಾಲ ಅವನು ತಾನೇ ಪೂರ್ತಿ ಹೇಳಿಕೆ ಬರೆದ. ಬ್ರಿಗೇಡಿನಲ್ಲಿ ಬದುಕುಳಿದಿದ್ದ ಒಂಬತ್ತು ಮಂದಿಯನ್ನು ಹುಡುಕಿ ಚರ್ಚಿಗೆ ಕರೆತಂದ. ಅವರು ಗುರುತು ಹಾಕಲು ಕೈ ಚಾಚುತ್ತಿದ್ದಂತೆ ಹಿಂದಿನ ಬೆಂಚಿನಿಂದ ಡೆಲ್ಫಿಯ ಧ್ವನಿ ಬಂತು.

“ತಡೀರಿ. ಮೊದ್ಲು ಜೋರಾಗಿ ಓದ್ಲಿ ಅವನು.”

ಅವನು ಓದಿದ. ಅವಳು ಎದ್ದು ಮುಂದೆ ಬಂದು ನಿಂತಳು. “ಇನ್ನೊಂದ್ಸಲ” ಎಂದಳು. ಎರಡನೇ ಸಲ ಕಾಟೊನ ಹೆಸರು ಬಂದಾಗ ಅವನು ಹಾಳೆಯನ್ನು ಕೆಳಗಿಳಿಸಿದ. ಅವಳು ಕಾದಳು, ಸಹಾಯ ಮಾಡಲಿಲ್ಲ. ಓದಿ ಮುಗಿದ ಮೇಲೆ ಲೇಖನಿ ಇಸಿದುಕೊಂಡು ತಾನೂ ಒಂದು ಗೆರೆ ಎಳೆದಳು. ಆದರೆ ಆ ಭಾನುವಾರವೂ ಹಿಂದೆಯೇ ಹೋಗಿ ಕೂತಳು.

ಆ ಕಾಗದಕ್ಕೆ ಮೇಲಿನಿಂದ ಬಂದ ಉತ್ತರ ಒಂದೇ ಸಾಲು: ಸ್ವೀಕರಿಸಿ ಕಡತದಲ್ಲಿ ಇಡಲಾಗಿದೆ. ಫಲಕದ ಒಂದಕ್ಷರವೂ ಬದಲಾಗಲಿಲ್ಲ.

ಕ್ಯಾಪ್ಟನ್ ಮಾತ್ರ ಪ್ರತಿ ಕ್ರಿಸ್‌ಮಸ್‌ಗೆ ಕಾಗದ ಬರೆಯುತ್ತಿದ್ದರು. ತಮ್ಮ ಕೀಲುನೋವು, ಮೊಮ್ಮಗಳ ಮದುವೆ, ಹಳೆಯ ಶಿಬಿರದ ಚಳಿ. ಲೆಮ್ಯುಯಲ್ ಒಂದಕ್ಕೂ ಉತ್ತರಿಸಲಿಲ್ಲ. ಆದರೂ ಪ್ರತಿಯೊಂದನ್ನೂ ಕೊನೆಯ ಸಾಲಿನವರೆಗೆ ಓದಿ, ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡುತ್ತಿದ್ದ. ತಪ್ಪಾಯಿತು ಎಂಬ ಒಂದು ಮಾತು ಅಲ್ಲೆಲ್ಲಾದರೂ ಇದ್ದೀತು ಎಂದು. ಐದನೇ ವರ್ಷ ಕ್ಯಾಪ್ಟನ್ ತೀರಿಕೊಂಡ ಸುದ್ದಿಯನ್ನು ಅವರ ಮಗಳು ಬರೆದು ತಿಳಿಸಿದಳು. ಹೆಣ ಹೊರುವವರಲ್ಲಿ ನೀನೂ ಒಬ್ಬನಾಗಿರಬೇಕೆಂಬುದು ಅಪ್ಪನ ಆಸೆಯಾಗಿತ್ತು, ಬಾ ಎಂದು ಕರೆದಿದ್ದಳು.

“ಹೋಗ್ತೀಯೇನೋ?” ಡೆಲ್ಫಿ ಕೇಳಿದಳು.

“ಇಲ್ಲ” ಅಂದ ಲೆಮ್ಯುಯಲ್. ಆಮೇಲೆ ಜಗಲಿಗೆ ಹೋಗಿ ಕೂತು, ಮುಖ ಮುಚ್ಚಿಕೊಂಡು ಅತ್ತ.