ಎರಡು ತತ್ತಿಗಾಗಿ ಬರೆಸಿದ ಹೆಸರು

ಆಗ ನನಗೆ ಅರವತ್ತಮೂರು. ಎರಡು ವರ್ಷದ ಹಿಂದಿನ ಮಾತು. ಮೆಹದಿಪಟ್ಟಣಂ ಹಿಂದಿನ ನಮ್ಮ ಬಸ್ತಿಯ ಅಂಗನವಾಡಿಯಲ್ಲಿ ನಾನು ಆಯಾ ಆಗಿದ್ದೆ. ಕಸ ಹೊಡೆಯುವುದು, ಅನ್ನ ಬೇಯಿಸುವುದು, ಮಕ್ಕಳ ಕುಂಡಿ ತೊಳೆಯುವುದು ನನ್ನ ಕೆಲಸ. ಹಾಡು ಹೇಳಿಸುವುದು, ಫೋನಿನಲ್ಲಿ ಹೆಸರು, ತೂಕ, ಫೋಟೊ ಹಾಕುವುದು ಟೀಚರಮ್ಮನ ಕೆಲಸ. ಈಗ ಕೆಲವರು ನನ್ನನ್ನು ಕಂಡರೆ ಪುಣ್ಯದ ಕೆಲಸ ಮಾಡಿದೆ ಅನ್ನುತ್ತಾರೆ. ಪುಣ್ಯ ಏನೂ ಇಲ್ಲ. ತಪ್ಪು ಮಾಡಿದ್ದೆ, ಅದನ್ನು ಬರೆಯುತ್ತೇನೆ.

ನಾನು ಕಲಬುರಗಿ ಕಡೆಯವಳು. ನಾಲ್ಕನೇ ಇಯತ್ತೆಯವರೆಗೆ ಕನ್ನಡ ಸಾಲಿ ಕಲಿತವಳು. ಟೀಚರಮ್ಮ ನಾರಾಯಣಪೇಟೆಯವಳು, ನನ್ನ ಮಗಳ ವಯಸ್ಸು. ಅವಳ ಮನೆಮಾತೂ ಕನ್ನಡ. ಆದ್ದರಿಂದ ನಾವಿಬ್ಬರೂ ಕನ್ನಡದಲ್ಲೇ ಜಗಳವಾಡುತ್ತಿದ್ದೆವು. ಆಫೀಸಿನವರ ಜೊತೆ ತೆಲುಗು. ನನ್ನ ತೆಲುಗು ಮುರುಕು, ಇಲ್ಲಿ ಅದನ್ನೂ ನನ್ನ ಮಾತಿನಲ್ಲೇ ಬರೆದಿದ್ದೇನೆ.

ತಪ್ಪು ಮಾಡಿದ್ದು ನಮ್ಮ ಅಂಗನವಾಡಿಯ ಒಬ್ಬ ಹುಡುಗಿಯ ವಿಷಯದಲ್ಲಿ. ಅವಳಿಗೆ ನಾಲ್ಕು ತುಂಬಿತ್ತು. ಎಡಗಾಲು ಸೊಟ್ಟ. ಮಾತು ಅಂದರೆ ಮೂರೋ ನಾಲ್ಕೋ ಶಬ್ದ. ಜೊಲ್ಲು ಸುರಿಯುತ್ತಿತ್ತು. ಮುದ್ದು ಬರುವ ಮಗು ಅಲ್ಲ. ಕಚ್ಚುತ್ತಿದ್ದಳು, ನನ್ನ ಮುಂಗೈ ಮೇಲೆ ಈಗಲೂ ಹಲ್ಲಿನ ಗುರುತಿದೆ. ಅವಳ ತಾಯಿ ಬೀದರ ಕಡೆಯಿಂದ ಬಂದವಳು, ಗಂಡ ಬಿಟ್ಟು ಹೋಗಿದ್ದ. ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ನೆಲ ಒರೆಸುವ ಕೆಲಸ. ಬೆಳಿಗ್ಗೆ ಏಳಕ್ಕೆ ಕೆಲಸದವರ ವ್ಯಾನು ಬರುತ್ತಿತ್ತು. ಮೂರು ಸಲ ವ್ಯಾನು ತಪ್ಪಿಸಿಕೊಂಡರೆ ನಾಲ್ಕನೇ ಸಲ ಬರಬೇಡ ಅನ್ನುತ್ತಿದ್ದರು. ಹುಡುಗಿಯನ್ನು ನನ್ನ ಹೊಸ್ತಿಲಲ್ಲಿ ಇಳಿಸಿ ಓಡುತ್ತಿದ್ದಳು. ಒಂಬತ್ತಕ್ಕೆ ನಾನು ಸೊಂಟದ ಮೇಲೆ ಹೊತ್ತುಕೊಂಡು ಅಂಗನವಾಡಿಗೆ ಹೋಗುತ್ತಿದ್ದೆ.

ಅಲ್ಲಿ ಉಳಿದ ಮಕ್ಕಳು ಅವಳ ಕೈ ಹಿಡಿದು ಎಳೆಯುತ್ತಿದ್ದರು, ಅವಳು ಗೋಡೆ ಹಿಡಿದು ಏಳುತ್ತಿದ್ದಳು. ಊಟವಾದ ಮೇಲೆ ಎಲ್ಲರ ತಟ್ಟೆ ಒಂದರ ಮೇಲೊಂದು ಇಡುವುದು ಅವಳ ಕೆಲಸ. ಬೇರೆ ಯಾರಾದರೂ ಮುಟ್ಟಿದರೆ ಕಚ್ಚುವುದೇ.

ಪ್ರತಿ ವರ್ಷ ಸೊರಗಿದ ಮಕ್ಕಳ ಪಟ್ಟಿ ಕೇಳುತ್ತಿದ್ದರು. ಆ ಪಟ್ಟಿಯಲ್ಲಿ ಹೆಸರು ಬಿದ್ದರೆ ಒಂದು ಮೊಟ್ಟೆಯ ಬದಲು ಎರಡು, ನಮ್ಮ ಕಡೆ ತತ್ತಿ ಅನ್ನುತ್ತೇವೆ. ನಾವು ಇದ್ದದ್ದಕ್ಕಿಂತ ಹೆಚ್ಚು ಮಾಡಿಯೇ ಬರೆಸುತ್ತಿದ್ದೆವು. ತೂಕದಲ್ಲಿ ಸ್ವಲ್ಪ ಕಡಿಮೆ, ಜ್ವರ ಸ್ವಲ್ಪ ಜಾಸ್ತಿ. ಇದರಲ್ಲಿ ನನಗೆ ಎಂದೂ ನಾಚಿಕೆ ಆಗಿಲ್ಲ. ಆ ವರ್ಷ ಪಟ್ಟಿ ಕಾಗದದಲ್ಲಿ ಬರಲಿಲ್ಲ, ಫೋನಿನಲ್ಲಿ ಬಂತು. ಟೀಚರಮ್ಮ ಅಕ್ಕಿ ಚೀಲದ ಮೇಲೆ ಕೂತು ಆ ಹುಡುಗಿಯ ಹೆಸರು ಒತ್ತುತ್ತಿದ್ದಳು, ನಾನು ಬೇಳೆ ಆರಿಸುತ್ತಿದ್ದೆ.

“ಆಯಮ್ಮ, ಈ ಸಲ ಏನೇನೋ ಭಾಳ ಕೇಳಾಕತ್ತಾರ. ತಾನ ಕುಂದರ್ತದೇನು, ತಾನ ಉಣ್ತದೇನು ಅಂತ.”

“ಇಲ್ಲ ಅಂತ ಒತ್ರಿ.”

“ಕುಂದರ್ತಾಳಲ್ರಿ, ಅಲ್ಲೇ ಕುಂತಾಳ ನೋಡ್ರಿ.”

“ನೀವು ಎಷ್ಟು ಕೆಟ್ಟದ್ದು ಹಾಕ್ತೀರಿ ಅಷ್ಟು ಲಗೂನ ತತ್ತಿ ಬರ್ತಾವ. ಕುಂದ್ರಂಗಿಲ್ಲ, ಉಣ್ಣಂಗಿಲ್ಲ, ಎಲ್ಲಾ ಇಲ್ಲ ಅಂತ ಹಾಕ್ರಿ.”

ಒತ್ತಿದಳು. ಅದು ತತ್ತಿಯ ಪಟ್ಟಿ ಆಗಿರಲಿಲ್ಲ. ಮೇಲೆ ಏನು ಬರೆದಿದೆ ಅಂತ ಅವಳೂ ಕೊನೆತನಕ ಓದಲಿಲ್ಲ, ನಾನೂ ಕೇಳಲಿಲ್ಲ.

ಎರಡು ತಿಂಗಳಾದ ಮೇಲೆ ಸುಧಾರಣೆ ಬಂತು. ಬಾಡಿಗೆ ಕೋಣೆಗಳಲ್ಲಿದ್ದ ಅಂಗನವಾಡಿಗಳನ್ನು ಹತ್ತಿರದ ಸರಕಾರಿ ಶಾಲೆಗೆ ಸೇರಿಸುವುದು ಅಂತ. ಗೋಡೆಗೆ ಆನೆ, ನವಿಲು ಬರೆಸಿದರು. ಮಕ್ಕಳಿಗೆ ಹೊಸ ಅಂಗಿ. ನೆಲದ ಮೇಲೆ ಹಳದಿ ಬಣ್ಣದಲ್ಲಿ ದುಂಡಗೆ ಗೆರೆ ಹೊಡೆಸಿದ್ದರು, ಒಂದು ಮಗುವಿಗೆ ಒಂದು ಸುತ್ತು. ಮೊದಲ ದಿನ ನಾನು ಎಣಿಸಿದೆ. ಹತ್ತೊಂಬತ್ತು. ನಮ್ಮ ಮಕ್ಕಳು ಇಪ್ಪತ್ತು.

ಸೂಪರ್‌ವೈಸರ್ ಮೇಡಂ ಫೋನ್ ನೋಡಿ ಹೆಸರು ಕೂಗಿ ಒಬ್ಬೊಬ್ಬರನ್ನೇ ಕೂರಿಸಿದಳು. ನನ್ನ ಸೊಂಟದ ಮೇಲಿದ್ದವಳ ಹೆಸರು ಬರಲೇ ಇಲ್ಲ.

“ಇಕಿದು ಓದಲಿಲ್ಲ ನೀವು.”

“ಆ ಮಗು ಬೇರೆ ಕಡೆ ಹೋಗುತ್ತದೆ ಆಯಮ್ಮಾ. ಅಂಥ ಮಕ್ಕಳಿಗೇ ಒಂದು ಸೆಂಟರ್ ಮಾಡಿದ್ದಾರೆ, ಲಿಂಗಂಪಲ್ಲಿ ದಾರಿಯಲ್ಲಿ. ವಾರಕ್ಕೆ ಎರಡು ದಿನ. ತಾಯಿ ಪಕ್ಕದಲ್ಲೇ ಕೂರಬೇಕು.”

“ಉಳಿದ ದಿನ?”

“ಮನೆಯಲ್ಲಿ.”

“ಮನಿಯಾಗ ಯಾರದಾರ? ಬೀಗ ಐತಿ.”

“ನಾನೇನು ಮಾಡಲಿ? ನೋಡು, ಕೂರಲು ಬರುವುದಿಲ್ಲ, ತಾನಾಗಿ ತಿನ್ನಲು ಬರುವುದಿಲ್ಲ. ನಿಮ್ಮ ಅಂಗನವಾಡಿಯಿಂದಲೇ ಹೀಗೆ ಬರೆದು ಬಂದಿದೆ. ಪಾತ್ರೆ ತಿಕ್ಕುವವಳಿಗೆ ಇದೆಲ್ಲ ತಿಳಿಯುವುದಿಲ್ಲ, ಬಿಡು.”

“ಪಾತ್ರಿ ತಿಕ್ಕಾವ್ರಿಗೆ ತಳದಾಗ ಏನು ಹತ್ತೈತಿ ಅಂತ ಗೊತ್ತಿರ್ತದ ಮೇಡಂ.”

ಅವಳು ನಕ್ಕಳು. ಟೀಚರಮ್ಮ ನನ್ನ ಮುಖ ನೋಡಲಿಲ್ಲ. ಆಗ ನನಗೆ ತಿಳಿಯಿತು, ನಾವು ಒತ್ತಿದ್ದು ಸೊರಗಿದ ಮಕ್ಕಳ ಪಟ್ಟಿಯಲ್ಲ, ಅಂಗವಿಕಲ ಮಕ್ಕಳನ್ನು ಬೇರೆ ಕಡೆ ಕಳಿಸುವ ಪಟ್ಟಿ ಅಂತ.

ಸಂಜೆ ಐದೂವರೆಗೆ ತಾಯಿ ಬಂದಳು. ಚಹಾ ಕೊಟ್ಟೆ. ಲೋಟ ಕೈಯಲ್ಲಿ ಹಿಡಿದೇ ಎಲ್ಲ ಕೇಳಿದಳು.

“ಹಂಗ ಯಾರು ಬರೆಸಿದ್ರು, ಅವ್ವಾ?”

ಟೀಚರಮ್ಮನ ತಲೆಗೆ ಕಟ್ಟಬಹುದಿತ್ತು. ಒತ್ತಿದ್ದು ಅವಳ ಬೆರಳು ತಾನೆ.

“ನಾನ ಬರೆಸೀನಿ.”

“ಯಾಕ?”

“ಎರಡು ತತ್ತಿ ಸಲುವಾಗಿ.”

ಲೋಟವನ್ನು ನೆಲಕ್ಕಿಟ್ಟಳು. ಕುಡಿಯಲಿಲ್ಲ.

“ನಾ ಕೇಳಿದ್ದೆನೇನು ನಿಮಗ ತತ್ತಿ? ಕುಂದ್ರಾಕ ಬರಂಗಿಲ್ಲ ಅಂತ ಬರೆಸೀರಿ. ಇಕಿನ್ನ ಕುಂದ್ರಸಾಕ ಒಂದು ವರ್ಷ ಸತ್ತೀನಿ ನಾ. ದಿಂಬು ಕಟ್ಟಿ, ಗೋಡಿಗೆ ಆನಿಸಿ. ಆ ಕೆಲಸ ಹೋತಂದ್ರ ಇಬ್ಬರೂ ಬಂದು ನಿಮ್ಮ ಹೊಸ್ತಲದಾಗ ಕುಂದರ್ತೀವಿ. ಆವಾಗ ಬರೆಸ್ರಿ, ತಾಯಿಗೂ ಬರಂಗಿಲ್ಲ ಅಂತ.”

ನಾನು ಆರಿದ ಚಹಾ ಚೆಲ್ಲಿ ಲೋಟ ತೊಳೆದಿಟ್ಟೆ. ಅವಳು ಈಗಲೂ ನನ್ನ ಜೊತೆ ಅಗತ್ಯವಿದ್ದಷ್ಟೇ ಮಾತಾಡುತ್ತಾಳೆ. ಹುಡುಗಿ ಈಗ ಒಂದನೇ ಇಯತ್ತೆ, ಗೋಡೆ ಬಿಟ್ಟು ನಡೆಯುತ್ತಾಳೆ. ಕಚ್ಚುವುದು ಬಿಟ್ಟಿಲ್ಲ.

ಮರುದಿನ ತಾಯಿ ಮತ್ತೆ ಹುಡುಗಿಯನ್ನು ನನ್ನಲ್ಲೇ ಇಳಿಸಿದಳು, ಬೇರೆ ಎಲ್ಲಿ ಇಳಿಸಬೇಕು? ವ್ಯಾನಿಗೆ ಓಡಿದಳು. ಮಕ್ಕಳಿಗೆ ಉಣಿಸಿ, ಪಾತ್ರೆ ಹಾಗೇ ಬಿಟ್ಟು ಹುಡುಗಿಯನ್ನು ಹೊತ್ತುಕೊಂಡು ವಾರ್ಡ್ ಆಫೀಸಿಗೆ ಹೋದೆ. ಸಾಹೇಬ ವಯಸ್ಸಿನಲ್ಲಿ ಸಣ್ಣವನು, ಮೆತ್ತಗೆ ಮಾತಾಡುವವನು. ಮೆತ್ತಗೆ ಮಾತಾಡುವವರ ಹತ್ತಿರ ಕೆಲಸ ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಹುಡುಗಿಯನ್ನು ಅವನೆದುರಿನ ಕುರ್ಚಿಯಲ್ಲಿ ಕೂರಿಸಿ ಕೈಗೆ ಬಿಸ್ಕತ್ತು ಕೊಟ್ಟೆ. ತಿನ್ನತೊಡಗಿದಳು, ಅರ್ಧ ಮೇಜಿನ ಮೇಲೆ ಉದುರಿಸಿದಳು.

ಅವನು ಕಂಪ್ಯೂಟರ್ ನೋಡಿ, ತೆಲುಗಿನಲ್ಲಿ ದೊಡ್ಡಮ್ಮ ಅಂತ ಕರೆದು ಹೇಳಿದ, “ಪೆದ್ದಮ್ಮಾ, ಈ ಮಗುವಿಗೆ ಕೂರಲು ಬರುವುದಿಲ್ಲ. ತಾನಾಗಿ ತಿನ್ನಲೂ ಬರುವುದಿಲ್ಲ.”

“ಸಾಹೇಬ್ರ, ಆ ಕಡೆ ನೋಡಬ್ಯಾಡ್ರಿ, ಈ ಕಡೆ ನೋಡ್ರಿ. ಕುಂತಾಳ. ತಿನ್ನಾಕತ್ತಾಳ.”

ನೋಡಿದ. “ಇರಬಹುದು. ದಾಖಲೆಯಲ್ಲಿ ಹಾಗೆ ಇಲ್ಲವಲ್ಲ. ಡಾಕ್ಟರ ಶಿಬಿರ ಬಂದಾಗ ತಿದ್ದುತ್ತಾರೆ.”

“ಅದು ಯಾವಾಗ?”

“ಬರುವ ವರ್ಷ.”

“ಅದು ಖರೆ ಅಲ್ಲ. ನಾ ಹೇಳಿ ಬರೆಸಿದ ಸುಳ್ಳು.”

ಆಗ ಅವನು ಕುರ್ಚಿ ಹಿಂದಕ್ಕೆ ಸರಿಸಿದ. ಮಾತು ಮಾತ್ರ ಅಷ್ಟೇ ಮೆತ್ತಗೆ. “ಹಾಗಾದರೆ ಬರೆದು ಕೊಡು. ಸುಳ್ಳು ವರದಿ ಅಂತ ಕಾಗದ ಬಂದರೆ ನಾನು ಹೆಸರು ತೆಗೆಯಲೇಬೇಕು, ಮಗು ಶಾಲೆಗೆ ವಾಪಸ್ ಬರುತ್ತದೆ. ಆದರೆ ಸುಳ್ಳು ಬರೆಸಿದವಳನ್ನು ಕೆಲಸದಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ಯೋಚನೆ ಮಾಡು ಪೆದ್ದಮ್ಮಾ. ನಿವೃತ್ತಿಗೆ ಇನ್ನು ಎರಡು ವರ್ಷ ಉಳಿದಿದೆ ನಿನಗೆ.”

ಶಾಲೆಗೆ ಬಂದು ಟೀಚರಮ್ಮನಿಗೆ ಹೇಳಿದೆ. ಅವಳು ನನ್ನನ್ನು ಅಡಿಗೆಮನೆಯೊಳಗೆ ಎಳೆದಳು.

“ಸುಮ್ನಿರ್ರಿ ಆಯಮ್ಮ. ನನ್ನ ಫೋನಿನಾಗಿಂದ ಹೋಗೇತ್ರಿ ಅದು. ಒಂದು ಕೂಸಿನ ಸಲುವಾಗಿ ಇಬ್ಬರ ಅನ್ನ ತೆಗೀತೀರೇನು? ನಾಳಿಂದ ಆಕಿನ್ನ ಅಡಗಿ ಮನಿಯಾಗ ಕುಂದರಸ್ರಿ. ಮೇಡಂ ಬಂದ್ರ ಬಾಗಲಾ ಹಾಕ್ರಿ.”

ಅದೂ ಒಂದು ದಾರಿ ಅನ್ನಿಸಿದ್ದು ನಿಜ. ಪಾತ್ರೆ ತಿಕ್ಕುತ್ತ ಬಹಳ ಹೊತ್ತು ಅದನ್ನೇ ಯೋಚಿಸಿದೆ. ಆದರೆ ಹೊಗೆಯಲ್ಲಿ, ಒಲೆಯ ಪಕ್ಕ, ಬಾಗಿಲು ಹಾಕಿಕೊಂಡು ಎಷ್ಟು ತಿಂಗಳು? ಅಲ್ಲಿ ಕೂತರೆ ಎಳೆದು ಎಬ್ಬಿಸುವ ಮಕ್ಕಳಿಲ್ಲ. ತಟ್ಟೆ ಇಡುವ ಕೆಲಸವಿಲ್ಲ. ಒಂದು ವರ್ಷದಲ್ಲಿ ನಾನು ಬರೆಸಿದ ಸುಳ್ಳು ಖರೆಯೇ ಆಗುತ್ತಿತ್ತು.

ಮರುದಿನ ಬೆಳಿಗ್ಗೆ ಏಳಕ್ಕೆ ತಾಯಿ ವ್ಯಾನು ಹತ್ತಿದಳು. ನಾನು ಬಾಗಿಲಲ್ಲಿ ಕೂತು ಮೊಮ್ಮಗಳ ಹಳೆಯ ನೋಟ್‌ಬುಕ್ಕಿನ ಹಾಳೆ ಹರಿದು ಬರೆದೆ. ಬರೆಸಿದ್ದು ನಾನೊಬ್ಬಳೇ, ಟೀಚರಮ್ಮ ನನ್ನ ಮಾತು ನಂಬಿ ಒತ್ತಿದಳು, ಹುಡುಗಿ ಕೂರುತ್ತಾಳೆ, ಉಣ್ಣುತ್ತಾಳೆ, ಕಚ್ಚುತ್ತಾಳೆ. ನನಗೆ ತೆಲುಗು ಅಕ್ಷರ ಬರುವುದಿಲ್ಲ, ಕನ್ನಡದಲ್ಲೇ ಬರೆದೆ. ಓದಲು ಬರದಿದ್ದರೆ ಓದುವವರನ್ನು ಅವರೇ ಹುಡುಕಿಕೊಳ್ಳಲಿ. ಆಫೀಸಿನ ಬಾಗಿಲು ತೆಗೆಯುವ ಮೊದಲೇ ಹುಡುಗಿಯನ್ನು ಹೊತ್ತುಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತೆ. ಗುಮಾಸ್ತ ಇಟ್ಟು ಹೋಗು ಅಂದ. ಇಟ್ಟು ಹೋಗಲಿಲ್ಲ. ಇನ್ನೊಂದು ಹಾಳೆಯಲ್ಲೂ ಅದನ್ನೇ ಬರೆದಿದ್ದೆ, ಕಾಗದ ತಲುಪಿತು ಅಂತ ಅದರ ಮೇಲೆ ಮೊಹರು ಹಾಕಿಸಿಕೊಂಡೆ. ಅಲ್ಲಿಂದ ಶಾಲೆಗೆ ಹೋಗಿ, ಹತ್ತೊಂಬತ್ತನೆಯ ಸುತ್ತಿನ ಪಕ್ಕದ ಬರಿಯ ನೆಲದ ಮೇಲೆ ಹುಡುಗಿಯನ್ನು ಕೂರಿಸಿ, ನನ್ನ ಹತ್ತಿರವಿರುತ್ತಿದ್ದ ಅಡಿಗೆಮನೆಯ ಕೀಲಿಯನ್ನು ಟೀಚರಮ್ಮನ ಕೈಗೆ ಕೊಟ್ಟೆ.