ಸುನ್ನೇವಾಳ ತಪ್ಪಿದ ಸಾಲು

ನಗಬೇಡಿ ಮಾರಾಯರೇ, ಸುಳ್ಳಲ್ಲ. ಫ್ಯಾರೋ ದ್ವೀಪಕ್ಕೆ ಹೆಣಿಗೆ ಕಲಿಯಲು ಪ್ರವಾಸ ಬರುವ ಹೆಂಗಸರನ್ನು ಕುರಿಗಳಂತೆ ಮೇಯಿಸುವ ಗೈಡ್ ಸುನ್ನೇವಾಳಿಗೆ ಬಸ್ಸಿನ ಹಿಂದಿನ ಸೀಟಿನಲ್ಲಿ ಸೂಜಿಯಿಂದ ಉಣ್ಣೆಯ ಕುಣಿಕೆ ಜಾರಿದ ಸದ್ದೂ ಕೇಳಿಸುತ್ತದೆ. ಜಲಪಾತ ಸಮುದ್ರಕ್ಕೆ ಧುಮುಕುವಲ್ಲಿ ಬಸ್ಸು ನಿಂತರೂ ಯಾರೂ ತಲೆಯೆತ್ತುವಂತಿಲ್ಲ. "ನೀರು ನಾಳೆನೂ ಬೀಳುತ್ತೆ ಕಣಮ್ಮ, ಮೊದ್ಲು ಆ ತಪ್ಪಿದ ಸಾಲು ಬಿಚ್ಚು!" ಡೆನ್ಮಾರ್ಕಿನ ಬಿರ್ತೆಯ ಸ್ವೆಟರಂತೂ ಏಳು ದಿನ ಬಿಚ್ಚಿಬಿಚ್ಚಿ ಉಣ್ಣೆಯ ಉಂಡೆಯಾಗಿಯೇ ಉಳಿಯಿತು. ಕೊನೆಯ ದಿನ ಬಿರ್ತೆ ಸುನ್ನೇವಾಳ ಹಳೆಯ ಸ್ವೆಟರಿನ ತೋಳು ಹಿಡಿದೇಬಿಟ್ಟಳು: "ನಿಮ್ದೂ ಒಂದು ಸಾಲು ತಪ್ಪಿದೆಯಲ್ರೀ, ಬಿಚ್ಲಾ?" ಸುನ್ನೇವಾ ತೋಳನ್ನು ಎದೆಗವಚಿಕೊಂಡಳು. "ಕೈ ತೆಗಿ! ಅದು ನಮ್ಮವ್ವ ಕಣ್ಣು ಮಂಜಾದ್ಮೇಲೆ ಹೆಣೆದಿದ್ದು." ಬಸ್ಸಿನ ಸೂಜಿಗಳೆಲ್ಲ ನಿಂತವು. ಹೊರಗಿನಿಂದ ಚಾಲಕ ಹೇನಿ ಕೂಗಿದ: "ಕುರಿ ಸಾರು ಆರ್ತಿದೆ, ಬನ್ರೇ!" ಸುನ್ನೇವಾ ಬಿರ್ತೆಯ ಉಂಡೆಯನ್ನು ಕಂಕುಳಿಗೇರಿಸಿ ಇಳಿದಳು. "ಬಾ, ಊಟ ಆದ್ಮೇಲೆ ಹೊಸದಾಗಿ ಶುರು ಮಾಡೋಣ. ಈ ಸಲ ಬಿಚ್ಸಲ್ಲ."